ಹಗಲು ಕಲಬುರಗಿ, ಇರುಳು ಬೆಂಗಳೂರು

ಲಾತೂರ ಜಿಲ್ಲೆಯ ನಿಲಂಗಾ ತಾಲ್ಲೂಕಿನ ಔರಾದ ಶಹಾಜನಿ, ಅದರ ಈಶಾನ್ಯಕ್ಕಿರುವ ಉದಗೀರ, ನೈಋತ್ಯಕ್ಕಿರುವ ಉಮರ್ಗಾ, ಈ ಊರುಗಳ ಸುತ್ತಲಿನ ಗಡಿಸೀಮೆಯಲ್ಲಿ ಮನೆಯೊಳಗೆ ಕನ್ನಡ, ಸಂತೆ ಕಚೇರಿಗಳಲ್ಲಿ ಮರಾಠಿ ಎಂದು ನಡೆಸಿಕೊಂಡು ಬಂದ ಮನೆತನಗಳು ಬಹಳ. ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೇ ಸೇರಿದ್ದವು. ಅನಂತರ ಜಿಲ್ಲೆ ಬೇರೆಯಾಯಿತು, ರಾಜ್ಯವೂ ಬೇರೆಯಾಯಿತು, ಆದರೆ ರೇಡಿಯೋದಲ್ಲಿ ಬರುವ ಕನ್ನಡಕ್ಕೆ ಗಡಿಯ ಗೆರೆ ಅಡ್ಡ ಬರಲಿಲ್ಲ. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿ ನಿಲಯ ಔರಾದಿನಿಂದ ನೇರ ದಕ್ಷಿಣಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಹೆಚ್ಚುಕಡಿಮೆ 80 ಕಿಲೋಮೀಟರ್ ದೂರದಲ್ಲಿದ್ದು, ಮಧ್ಯಮ ತರಂಗದ 1107 ಕಿಲೋಹರ್ಟ್ಸ್‌ನಲ್ಲಿ ಹೊರಡಿಸಿದ ಕೃಷಿ ಕಾರ್ಯಕ್ರಮವನ್ನೂ ವಚನ ಗಾಯನವನ್ನೂ ಹೊಲದ ಬದುವಿನಲ್ಲಿಟ್ಟ ಟ್ರಾನ್ಸಿಸ್ಟರಿಗೆ ಮುಟ್ಟಿಸುತ್ತ ಬಂದಿತು.

ಆ ಟ್ರಾನ್ಸಿಸ್ಟರನ್ನು ಬಳಸಿದವರಿಗೆಲ್ಲ ಗೊತ್ತಿರುವ ಒಂದು ವಿಚಿತ್ರವಿದೆ. ನಡುಹಗಲಿನಲ್ಲಿ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಸರಿಸಿದರೆ ಹತ್ತುವ ನಿಲಯಗಳು ಬೆರಳೆಣಿಕೆಯಷ್ಟು. ಕಲಬುರಗಿ ಸ್ಪಷ್ಟವಾಗಿ ಕೇಳುತ್ತದೆ, ಉಳಿದ ಕಡೆಯೆಲ್ಲ ಬರಿಯ ಖರಖರ. ಹೊತ್ತು ಮುಳುಗಿ ಒಂದು ತಾಸು ಕಳೆಯುವಷ್ಟರಲ್ಲಿ ಅದೇ ಪೆಟ್ಟಿಗೆಯಲ್ಲಿ ಸಂತೆ ನೆರೆಯುತ್ತದೆ: 550 ಕಿಲೋಮೀಟರಿಗೂ ಆಚೆಯ ಬೆಂಗಳೂರು 612 ಕಿಲೋಹರ್ಟ್ಸ್‌ನಲ್ಲಿ ಬರತೊಡಗುತ್ತದೆ, ಒಂದರ ಬೆನ್ನಿಗೆ ಒಂದು ದೂರದ ನಿಲಯಗಳು ತಲೆಹಾಕುತ್ತವೆ, ಯಾವುದೋ ಪರದೇಶದ ಮಾತು ನಡುವೆ ತೂರಿಕೊಳ್ಳುತ್ತದೆ. ಇಷ್ಟರಲ್ಲಿ ಹತ್ತಿರದ ಕಲಬುರಗಿಯೇ ಒಮ್ಮೆ ಏರಿ ಒಮ್ಮೆ ಇಳಿದು, ಹಗಲಿನಷ್ಟು ನಿಲುಗಡೆಯಿಂದ ಕೇಳುವುದಿಲ್ಲ. ಬೆಳಗಾದರೆ ದೂರದವರೆಲ್ಲ ಮಾಯ.

ಇರುಳಿನಲ್ಲಿ ಸದ್ದುಗದ್ದಲ ಕಡಿಮೆ, ಗಾಳಿ ತಂಪು, ಆದ್ದರಿಂದ ದನಿ ದೂರ ಹೋಗುತ್ತದೆ ಎಂಬುದು ಜನ ಸಾಮಾನ್ಯವಾಗಿ ಕೊಡುವ ಕಾರಣ. ಬಾವಿಯಾಚೆಯಿಂದ ಕೂಗಿದ ಕೂಗಿಗೆ ಆ ಮಾತು ಒಪ್ಪುತ್ತದೆ, ರೇಡಿಯೋಕ್ಕೆ ಒಪ್ಪುವುದಿಲ್ಲ. ರೇಡಿಯೋದ ಅಲೆ ಗಾಳಿಯ ಅಲೆಯಲ್ಲ. ಗಾಳಿ ಇಲ್ಲದ ಕಡೆಯೂ ಅದು ಹೋಗಬಲ್ಲದು. ಹಗಲಿಗೂ ಇರುಳಿಗೂ ಇರುವ ಈ ಅಂತರದ ಕಾರಣ ನಿಲಯದಲ್ಲಿಲ್ಲ, ಪೆಟ್ಟಿಗೆಯಲ್ಲೂ ಇಲ್ಲ. ನೆಲದಿಂದ 60 ಕಿಲೋಮೀಟರಿಗಿಂತ ಮೇಲೆ, ಮೋಡಗಳೆಲ್ಲ ಮುಗಿದ ಎಷ್ಟೋ ಎತ್ತರದಲ್ಲಿ ಅದು ಅಡಗಿದೆ. ಅಲ್ಲಿಗೆ ಹೋಗುವ ಮೊದಲು ಅಲೆ ಹುಟ್ಟುವುದು ಹೇಗೆಂಬುದನ್ನು ನೋಡಬೇಕಾಗುತ್ತದೆ.

ಅಲುಗಿದ ಆವೇಶ

ಎಲ್ಲ ವಸ್ತುಗಳ ಒಳಗೂ ಎಲೆಕ್ಟ್ರಾನು ಎಂಬ ಅತಿ ಹಗುರವಾದ ಕಣಗಳಿವೆ, ಅವುಗಳಿಗೆ ವಿದ್ಯುತ್ತಿನ ಗುಣವಿದೆ. ಈ ಗುಣವನ್ನು ಆವೇಶ ಎಂದು ಕರೆಯುತ್ತಾರೆ. ಆವೇಶವಿರುವ ಕಣ ತನ್ನ ಸುತ್ತ ಎಷ್ಟೇ ದೂರದಲ್ಲಿರುವ ಇನ್ನೊಂದು ಆವೇಶವನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ, ದೂರ ಹೆಚ್ಚಿದಂತೆ ಆ ಸೆಳೆತ ತೆಳುವಾಗುತ್ತದೆ. ಹೀಗೆ ಒಂದು ಆವೇಶದ ಪ್ರಭಾವ ಹರಡಿರುವ ಜಾಗವನ್ನು ಅದರ ಕ್ಷೇತ್ರ ಎನ್ನಬಹುದು. ಕಣ ಇದ್ದಲ್ಲೇ ಇದ್ದರೆ ಕ್ಷೇತ್ರವೂ ಇದ್ದ ಹಾಗೆಯೇ ಇರುತ್ತದೆ.

ಆದರೆ ಆ ಕಣವನ್ನು ಯಾರೋ ಥಟ್ಟನೆ ಜಗ್ಗಿದರು ಎಂದುಕೊಂಡರೆ, ಕಣ ಜಾಗ ಬದಲಿಸಿದ ಸಂಗತಿ ದೂರದ ಕ್ಷೇತ್ರಕ್ಕೆ ಆ ಕ್ಷಣದಲ್ಲೇ ತಿಳಿಯುವುದಿಲ್ಲ. ಆ ಬದಲಾವಣೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೊರಗೆ ಹರಡುತ್ತ ಹೋಗುತ್ತದೆ. ಅದು ತಲುಪಿದ ಕಡೆ ಕ್ಷೇತ್ರ ಹೊಸ ರೂಪಕ್ಕೆ ಬಂದಿರುತ್ತದೆ, ತಲುಪದ ಕಡೆ ಹಳೆಯದೇ ಉಳಿದಿರುತ್ತದೆ, ಇವೆರಡನ್ನೂ ಕೂಡಿಸುವ ಸೊಟ್ಟ ತಿರುವು ಮಾತ್ರ ಮುಂದೆ ಮುಂದೆ ಸಾಗುತ್ತದೆ. ಕಣವನ್ನು ಬಿಡದೆ ಹಿಂದೆ ಮುಂದೆ ಅಲುಗಿಸಿದರೆ ಇಂತಹ ತಿರುವುಗಳು ಸಾಲುಸಾಲಾಗಿ ಹೊರಟು ಅಲೆಯಾಗುತ್ತವೆ. ಚಲಿಸುವ ಆವೇಶ ಕಾಂತಗುಣವನ್ನೂ ಹುಟ್ಟಿಸುವುದರಿಂದ ವಿದ್ಯುತ್ತಿನ ಏರಿಳಿತದ ಜೊತೆಗೆ ಕಾಂತದ ಏರಿಳಿತವೂ ಕೂಡಿಯೇ ಸಾಗುತ್ತದೆ. ಒಂದರ ಬದಲಾವಣೆ ಇನ್ನೊಂದನ್ನು ಹುಟ್ಟಿಸುತ್ತ ಹೋಗುವ ಕಾರಣ ಈ ಜೋಡಿಗೆ ಊರಿಕೊಳ್ಳಲು ನೆಲವಾಗಲಿ ನೀರಾಗಲಿ ಗಾಳಿಯಾಗಲಿ ಬೇಕಿಲ್ಲ. ಇದೇ ವಿದ್ಯುತ್ಕಾಂತ ಅಲೆ. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇಂತಹ ಅಲೆಯ ವೇಗವನ್ನು ಲೆಕ್ಕ ಹಾಕಿದಾಗ ಅದು ಬೆಳಕಿನ ವೇಗಕ್ಕೆ ಹೊಂದಿಕೊಂಡಿತು, ಬೆಳಕೂ ಇದೇ ಜಾತಿಯದು ಎಂದು ಆತ ತೀರ್ಮಾನಿಸಿದ.

ಈ ಸೀಮೆಯ ಜನರಿಗೆ ಇನ್ನೊಂದು ಬಗೆಯ ಅಲೆಯ ನೆನಪು ಗಟ್ಟಿಯಾಗಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಸುತ್ತಿನ ಊರುಗಳನ್ನು ಕೆಡವಿದ ಭೂಕಂಪದ ಅಲೆಗಳು ಬಂಡೆಯೊಳಗೆ ಸೆಕೆಂಡಿಗೆ ಕೆಲವೇ ಕಿಲೋಮೀಟರ್ ಓಡುವಂಥವು. ಒಂದು ಪದರದ ಕಲ್ಲು ಮುಂದಿನ ಪದರದ ಕಲ್ಲನ್ನು ತಳ್ಳಿದರೆ ಮಾತ್ರ ಅವು ಮುಂದೆ ಹೋಗಬಲ್ಲವು, ಕಲ್ಲು ಮುಗಿದಲ್ಲಿ ಅವೂ ಮುಗಿಯುತ್ತವೆ. ವಿದ್ಯುತ್ಕಾಂತ ಅಲೆಗೆ ಈ ಹಂಗಿಲ್ಲ. ಸೂರ್ಯನಿಂದ ಭೂಮಿಯವರೆಗೆ 15 ಕೋಟಿ ಕಿಲೋಮೀಟರಿನಷ್ಟು ಬಹುಪಾಲು ಬರಿದಾದ ಅವಕಾಶವನ್ನು ಅದು 8 ನಿಮಿಷ ಚಿಲ್ಲರೆಯಲ್ಲಿ ದಾಟಿ ಬರುತ್ತದೆ.

ಸ್ಟಾರ್ಟರಿನ ಕಿಡಿ

ಆವೇಶವನ್ನು ಅಲುಗಿಸಿದರೆ ಅಲೆ ಹೊರಡುತ್ತದೆ ಎಂಬುದಕ್ಕೆ ಪ್ರಯೋಗಶಾಲೆಯೇನೂ ಬೇಕಿಲ್ಲ. ಬಾವಿಯ ದಂಡೆಯ ಮೇಲೆ ಮಧ್ಯಮ ತರಂಗದ ರೇಡಿಯೋ ಹಚ್ಚಿಟ್ಟು ಪಂಪಿನ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ, ಒಳಗಿನ ಸಂಪರ್ಕದ ತುಂಡುಗಳು ಕೂಡುವ ಹೊತ್ತಿಗೆ ಸಣ್ಣ ಕಿಡಿ ಹಾರಿ, ರೇಡಿಯೋ ‘ಚಟ್’ ಎನ್ನುತ್ತದೆ. ಮೋಟರ್ ಬಂದು ಮಾಡುವಾಗ ಮತ್ತೊಮ್ಮೆ. ಕಿಡಿ ಎಂದರೆ ಗಾಳಿಯ ಸಂದಿಯನ್ನು ಹಾರಿದ ಆವೇಶಗಳ ನುಗ್ಗಾಟ, ಅದು ಒಂದೇ ತಾಳದಲ್ಲಿರದೆ ನೂರು ತಾಳಗಳ ಕಲಸು. ಆದ್ದರಿಂದ ಮುಳ್ಳು ಎಲ್ಲಿದ್ದರೂ ಆ ಸದ್ದು ಕೇಳುತ್ತದೆ. ಮಿರಗದ ಮಳೆಗೆ ಮುಂಚಿನ ಸಿಡಿಲು ಇನ್ನೂ ಕಾಣಿಸದಷ್ಟು ದೂರದಲ್ಲಿರುವಾಗಲೇ ರೇಡಿಯೋ ಖರಖರ ಎನ್ನುವುದೂ ಇದರಿಂದಲೇ.

ಜರ್ಮನಿಯ ಹೈನ್ರಿಖ್ ಹರ್ಟ್ಸ್ 1887 ಮತ್ತು 1888ರಲ್ಲಿ ಮಾಡಿದ್ದೂ ಮೂಲತಃ ಇಷ್ಟೇ. ಕೋಣೆಯ ಒಂದು ಕಡೆ ಬೇಕೆಂದೇ ಕಿಡಿ ಹಾರಿಸಿ, ಇನ್ನೊಂದು ಕಡೆ ಯಾವ ತಂತಿಯ ಸಂಬಂಧವೂ ಇಲ್ಲದೆ ಹಿಡಿದ ತಾಮ್ರದ ಬಳೆಯ ಸಣ್ಣ ಸಂದಿಯಲ್ಲಿ ಅತಿ ಚಿಕ್ಕ ಕಿಡಿ ತಾನಾಗಿ ಹಾರುವುದನ್ನು ಆತ ಕತ್ತಲಲ್ಲಿ ಕಂಡ. ಅಲ್ಲಿ ಅಲುಗಿದ ಆವೇಶ ಇಲ್ಲಿನ ಆವೇಶವನ್ನು ಅಲುಗಿಸಿತ್ತು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ, ಗೋಡೆಯಾಚೆಯ ಗಂಟೆ ಬಾರಿಸಿ ತೋರಿಸಿದ್ದು ಇದಾದ ಏಳೆಂಟು ವರ್ಷಗಳಲ್ಲಿ. ಅಷ್ಟು ಕಿರಿದಾದ ಅಲೆಗಳಿಗೆ ಜಗತ್ತು ಮತ್ತೆ ಮನಸ್ಸು ಕೊಡಲು ಅರ್ಧ ಶತಮಾನವೇ ಬೇಕಾಯಿತು ಎಂಬುದು ಬೇರೆಯ ಕಥೆ.

ಕಿಡಿಯ ಬದಲು ಒಂದೇ ತಾಳದಲ್ಲಿ ಆವೇಶವನ್ನು ಅಲುಗಿಸುವುದು ನಿಲಯದ ಕೆಲಸ. ಕಲಬುರಗಿಯ ಪ್ರಸಾರ ಕಂಬದೊಳಗೆ ಎಲೆಕ್ಟ್ರಾನುಗಳು ಸೆಕೆಂಡಿಗೆ 11 ಲಕ್ಷದ 7 ಸಾವಿರ ಬಾರಿ ಮೇಲೆ ಕೆಳಗೆ ತೂಗುತ್ತವೆ. ಸೆಕೆಂಡಿಗೆ ಎಷ್ಟು ತೂಗು ಎಂಬ ಈ ಎಣಿಕೆಯೇ ಆವೃತ್ತಿ. ಒಂದು ತೂಗು ಮುಗಿಯುವಷ್ಟರಲ್ಲಿ ಅಲೆ ಸುಮಾರು 271 ಮೀಟರ್ ಮುಂದೆ ಹೋಗಿರುತ್ತದೆ, ಅದು ಅಲೆಯುದ್ದ. ಆವೃತ್ತಿ ಹೆಚ್ಚಿದಷ್ಟೂ ಅಲೆಯುದ್ದ ಕಿರಿದಾಗುತ್ತದೆ. ಹಾಡು, ಮಾತುಗಳೆಲ್ಲ ಈ ತೂಗಿನ ಬಲವನ್ನು ಹೆಚ್ಚು ಕಡಿಮೆ ಮಾಡುವುದರಿಂದ ಅಲೆಯ ಬೆನ್ನೇರಿ ಹೋಗುತ್ತವೆ. ಅದರ ವಿವರ ಈ ಅಧ್ಯಾಯಕ್ಕೆ ಬೇಕಿಲ್ಲ.

ಕಪ್ಪು ಕಡ್ಡಿ

ಟ್ರಾನ್ಸಿಸ್ಟರಿನ ಹಿಂದಿನ ಮುಚ್ಚಳ ಬಿಚ್ಚಿದವರು ಮೇಲ್ಗಡೆ ಅಡ್ಡಲಾಗಿ ಕೂತ ಬೆರಳುಗಾತ್ರದ ಒಂದು ಕಪ್ಪು ಕಡ್ಡಿಯನ್ನೂ ಅದರ ಸುತ್ತ ಒತ್ತೊತ್ತಾಗಿ ಸುತ್ತಿದ ನವಿರು ತಾಮ್ರದ ತಂತಿಯನ್ನೂ ಕಂಡಿರುತ್ತಾರೆ. ಕೆಳಗೆ ಬಿದ್ದರೆ ಬಳಪದಂತೆ ಎರಡು ತುಂಡಾಗುವ ಈ ಕಡ್ಡಿ ಫೆರೈಟ್ ಎಂಬ ಕಬ್ಬಿಣ ಬೆರೆತ ಪದಾರ್ಥದ್ದು. ಹೊರಗೆ ಎಳೆಯುವ ಉದ್ದನೆಯ ಏರಿಯಲ್ ಎಫ್.ಎಂ.ಗೂ ಕಿರುತರಂಗಕ್ಕೂ ಮಾತ್ರ. ಮಧ್ಯಮ ತರಂಗವನ್ನು ಹಿಡಿಯುವುದು ಈ ಕಡ್ಡಿಯೇ. ಇದು ಅಲೆಯ ವಿದ್ಯುತ್ ಭಾಗವನ್ನು ಬಿಟ್ಟು ಕಾಂತದ ಭಾಗವನ್ನು ತನ್ನ ಉದ್ದಕ್ಕೂ ಒಟ್ಟುಗೂಡಿಸಿಕೊಳ್ಳುತ್ತದೆ, ಆ ಕಾಂತದ ಏರಿಳಿತ ಸುತ್ತಿದ ತಂತಿಯಲ್ಲಿನ ಎಲೆಕ್ಟ್ರಾನುಗಳನ್ನು ಅಲುಗಿಸುತ್ತದೆ.

ಇದನ್ನು ಔರಾದಿನ ಯಾವ ಅಂಗಳದಲ್ಲಾದರೂ ಪರೀಕ್ಷಿಸಬಹುದು. ನಟ್ಟನೆ ನಿಂತ ಕಂಬದಿಂದ ಹೊರಟು ದಕ್ಷಿಣದಿಂದ ಬರುವ ಅಲೆಯ ಕಾಂತಭಾಗ ನೆಲಕ್ಕೆ ಸಮನಾಗಿ ಪೂರ್ವ–ಪಶ್ಚಿಮವಾಗಿ ತೂಗುತ್ತಿರುತ್ತದೆ. ರೇಡಿಯೋದ ಅಗಲದ ಮೈ ಕಲಬುರಗಿಯ ದಿಕ್ಕಿಗಿರುವಂತೆ ಇಟ್ಟರೆ ಒಳಗಿನ ಕಡ್ಡಿಯೂ ಪೂರ್ವ–ಪಶ್ಚಿಮವಾಗಿ ಮಲಗಿ ದನಿ ತುಂಬಿ ಬರುತ್ತದೆ. ಪೆಟ್ಟಿಗೆಯನ್ನು ಕಾಲು ಸುತ್ತು ತಿರುಗಿಸಿ ಅದರ ಚಿಕ್ಕ ಮಗ್ಗುಲು ದಕ್ಷಿಣಕ್ಕೆ ಬರುವಂತೆ ಮಾಡಿದರೆ ಅದೇ ನಿಲಯ ಕುಸಿದು ಖರಖರದಲ್ಲಿ ಮುಳುಗುತ್ತದೆ. ಕಣ್ಣಿಗೆ ಕಾಣದ ಅಲೆ ಯಾವ ದಿಕ್ಕಿಗೆ ತೂಗುತ್ತಿದೆ ಎಂಬುದನ್ನು ಖರ್ಚಿಲ್ಲದೆ ತೋರಿಸುವ ಇದಕ್ಕಿಂತ ಒಳ್ಳೆಯ ಉಪಕರಣ ಶಾಲೆಗಳಲ್ಲಿ ಸಿಗುವುದು ಅಪರೂಪ.

ಕಡ್ಡಿಗೆ ನೂರಾರು ನಿಲಯಗಳ ಅಲೆಗಳು ಒಟ್ಟಿಗೇ ತಾಕುತ್ತಿರುವಾಗ ಒಂದನ್ನೇ ಆರಿಸಿಕೊಳ್ಳುವುದು ಹೇಗೆ ಎಂಬುದಕ್ಕೆ ಪಂಚಮಿಯ ಜೋಕಾಲಿಯನ್ನು ನೆನೆಯಬಹುದು. ಬೇವಿನ ಕೊಂಬೆಗೆ ಕಟ್ಟಿದ ಉದ್ದ ಹಗ್ಗದ ಜೋಕಾಲಿಗೆ ತನ್ನದೇ ಒಂದು ತಾಳವಿದೆ. ಆ ತಾಳಕ್ಕೆ ಸರಿಯಾಗಿ ಬೆರಳಿನಿಂದ ನೂಕಿದರೂ ಅದು ಮುಗಿಲು ಮುಟ್ಟುತ್ತದೆ, ತಾಳ ತಪ್ಪಿಸಿ ನೂಕಿದರೆ ಎಷ್ಟು ಬಲ ಹಾಕಿದರೂ ಮೇಲೇಳುವುದಿಲ್ಲ. ರೇಡಿಯೋ ರಿಪೇರಿಯವರು ಗ್ಯಾಂಗ್ ಎಂದು ಕರೆಯುವ, ಮುಳ್ಳಿನ ಗುಂಡಿಗೆ ಕೂಡಿಸಿದ ಭಾಗವನ್ನು ತಿರುಗಿಸಿದಾಗ ತಂತಿಯಲ್ಲಿನ ಎಲೆಕ್ಟ್ರಾನುಗಳ ಸಹಜ ತಾಳ ಬದಲಾಗುತ್ತದೆ. ಅದು 11 ಲಕ್ಷದ 7 ಸಾವಿರಕ್ಕೆ ಕೂಡಿದ ಕ್ಷಣ ಕಲಬುರಗಿಯ ಅಲೆಯ ಅತಿ ಸಣ್ಣ ನೂಕುಗಳೂ ಒಟ್ಟುಗೂಡಿ ತೂಗು ದೊಡ್ಡದಾಗುತ್ತದೆ, ಉಳಿದವರ ನೂಕುಗಳು ಒಂದನ್ನೊಂದು ಕೆಡಿಸಿಕೊಳ್ಳುತ್ತವೆ. ಜೋಕಾಲಿಯ ಇನ್ನೊಂದು ಗುಣವೂ ಮುಂದೆ ಬೇಕಾಗುತ್ತದೆ: ಅದನ್ನು ಹಿಡಿದು ಸೆಕೆಂಡಿಗೆ ಹತ್ತು ಸಲ ಹಿಂದೆ ಮುಂದೆ ಜಗ್ಗಿದರೆ ಅದು ಇದ್ದಲ್ಲೇ ನಡುಗುತ್ತದೆಯೇ ಹೊರತು ತೂಗುವುದಿಲ್ಲ, ಏಕೆಂದರೆ ಒಂದು ಕಡೆಗೆ ಹೊರಡುವಷ್ಟರಲ್ಲೇ ಎಳೆತ ಇನ್ನೊಂದು ಕಡೆಗೆ ತಿರುಗಿರುತ್ತದೆ.

ಎರೆಯ ನೆಲದ ಮೇಲೆ

ಹಗಲಿನಲ್ಲಿ ಕಲಬುರಗಿಯಿಂದ ಔರಾದಿಗೆ ಬರುವ ಅಲೆ ನೆಲವನ್ನು ತಬ್ಬಿಕೊಂಡು ಬರುವಂಥದು. ನೂರಾರು ಮೀಟರ್ ಉದ್ದದ ಅಲೆಗಳು ನೆಲದ ಮೇಲ್ಮೈಯಲ್ಲಿನ ಆವೇಶಗಳನ್ನು ಅಲುಗಿಸುತ್ತ, ಭೂಮಿಯ ಉಬ್ಬಿಗೆ ಹೊಂದಿಕೊಂಡು ಬಾಗುತ್ತ ಸಾಗುತ್ತವೆ, ದಿಬ್ಬ, ಗುಡ್ಡ, ಮನೆಗಳನ್ನು ಲೆಕ್ಕಿಸುವುದಿಲ್ಲ. ಆದರೆ ಪ್ರತಿ ಹೆಜ್ಜೆಗೂ ನೆಲ ಸ್ವಲ್ಪ ಶಕ್ತಿಯನ್ನು ನುಂಗುತ್ತದೆ. ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುವ ನೆಲ ಕಡಿಮೆ ನುಂಗುತ್ತದೆ, ಒಣ ಕಲ್ಲುನೆಲ ಹೆಚ್ಚು ನುಂಗುತ್ತದೆ. ಈ ಸೀಮೆಯ ಮಾಂಜ್ರಾ ನದಿಯ ಕಣಿವೆಯ ಎರೆಮಣ್ಣು ಜಿಗುಟು, ತೇವ ಹಿಡಿದಿಡುವ ಗುಣವುಳ್ಳದ್ದು; ಒಣಗಿದ ಮಡ್ಡಿಗೆ ಹೋಲಿಸಿದರೆ ಮಳೆ ಕುಡಿದ ಎರೆ ನೆಲ ಅಲೆಗೆ ಹೆಚ್ಚು ಅನುಕೂಲ.

ಹೀಗಿದ್ದರೂ ನೆಲದ ಅಲೆಗೆ ಒಂದು ಮಿತಿ ಇದೆ, ಆ ಮಿತಿ ಹೊರಡಿಸುವ ಶಕ್ತಿಯನ್ನು ಅವಲಂಬಿಸಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದ ಯಂತ್ರದ ಬಲ 30 ವಾಟ್, ಅಂದರೆ ಒಂದು ಮಂದ ಬಲ್ಬಿನಷ್ಟು. ಅದು ಊರ ಆಸುಪಾಸಿಗೆ ಮಾತ್ರ ಸಾಕಾಗುವಂಥದು. ಕಲಬುರಗಿಯ ಯಂತ್ರ 20 ಕಿಲೋವಾಟಿನದು, ಬೆಂಗಳೂರಿನದು 200 ಕಿಲೋವಾಟಿನದು. ಅಷ್ಟು ಬಲವಿದ್ದರೂ ಬೆಂಗಳೂರಿನ ನೆಲದ ಅಲೆ 550 ಕಿಲೋಮೀಟರ್ ಕಲ್ಲುಮಣ್ಣು ದಾಟಿ ಬರುವಷ್ಟರಲ್ಲಿ ಸವೆದು, ಕೇಳದಷ್ಟಾಗಿರುತ್ತದೆ. ಇರುಳಿನಲ್ಲಿ ಬರುವುದು ಆ ಅಲೆಯಲ್ಲ.

ಮುಗಿಲಿಗಿಂತ ಮೇಲೆ

1901ರ ಡಿಸೆಂಬರಿನಲ್ಲಿ ಇಟಲಿಯ ಮಾರ್ಕೋನಿ ಇಂಗ್ಲೆಂಡಿನಿಂದ ಹೊರಡಿಸಿದ ಸಂಕೇತ ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿಸಿತೆಂದು ಸಾರಿದಾಗ ವಿದ್ವಾಂಸರು ಗೊಂದಲಕ್ಕೆ ಬಿದ್ದರು. ಭೂಮಿ ದುಂಡಗಿದೆ, ಅಲೆ ನೇರ ಹೋಗಬೇಕು, ಅಷ್ಟು ದೂರದಲ್ಲಿ ಅದು ಆಕಾಶಕ್ಕೆ ಹಾರಿಹೋಗಿರಬೇಕಲ್ಲವೇ ಎಂಬುದು ಅವರ ತಕರಾರು. ಮರುವರ್ಷವೇ ಅಮೆರಿಕೆಯ ಕೆನೆಲಿ ಮತ್ತು ಇಂಗ್ಲೆಂಡಿನ ಹೆವಿಸೈಡ್ ಬೇರೆ ಬೇರೆಯಾಗಿ ಒಂದೇ ಊಹೆಗೆ ಬಂದರು: ಬಹಳ ಎತ್ತರದಲ್ಲಿ ವಿದ್ಯುತ್ ಹರಿಯಬಲ್ಲ ಒಂದು ಪದರವಿದ್ದು ಅದು ಅಲೆಯನ್ನು ಕೆಳಕ್ಕೆ ತಿರುಗಿಸುತ್ತಿರಬೇಕು. 1924ರಲ್ಲಿ ಎಡ್ವರ್ಡ್ ಆಪಲ್ಟನ್ ಬಿ.ಬಿ.ಸಿ.ಯ ಪ್ರಸಾರ ಯಂತ್ರವನ್ನೇ ಬಳಸಿ ಆ ಪದರ ಇರುವುದನ್ನೂ ಅದರ ಎತ್ತರವನ್ನೂ ತೋರಿಸಿಕೊಟ್ಟು, 1947ರಲ್ಲಿ ನೊಬೆಲ್ ಪಡೆದ. ಭಾರತದಲ್ಲಿ ಕಲ್ಕತ್ತೆಯ ಶಿಶಿರ ಕುಮಾರ ಮಿತ್ರ ಇದೇ ಕ್ಷೇತ್ರದಲ್ಲಿ ದುಡಿದು, ಮೇಲಣ ವಾತಾವರಣದ ಮೇಲೆ ಜಗತ್ತೇ ಬಳಸಿದ ಒಂದು ಗ್ರಂಥ ಬರೆದರು.

ಈ ಪದರಗಳಿರುವ ಭಾಗಕ್ಕೆ ಅಯಾನುಗೋಳ ಎಂದು ಹೆಸರು. ಸೂರ್ಯನಿಂದ ಬರುವ ಅತಿನೇರಳೆ ಮತ್ತು ಎಕ್ಸ್ ಕಿರಣಗಳು ಅಲ್ಲಿನ ತೆಳುಗಾಳಿಯ ಅಣುಗಳಿಗೆ ಬಡಿದು ಅವುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡಿಯಾಗಿಸುತ್ತವೆ. ಯಾವ ಅಣುವಿನ ಕಟ್ಟಿಗೂ ಒಳಗಾಗದ ಈ ಬಿಡಿ ಎಲೆಕ್ಟ್ರಾನುಗಳೇ ಇರುಳಿನ ಬೆಂಗಳೂರಿಗೂ ಹಗಲಿನ ಮೌನಕ್ಕೂ ಕಾರಣ.

ನಿಲಯದ ಕಂಬದಿಂದ ಓರೆಯಾಗಿ ಮೇಲಕ್ಕೆ ಹೊರಟ ಅಲೆ ಒಂದು ಬಿಡಿ ಎಲೆಕ್ಟ್ರಾನನ್ನು ಮುಟ್ಟಿದಾಗ ಅದು ಅಲೆಯ ತಾಳಕ್ಕೆ ತೂಗತೊಡಗುತ್ತದೆ. ಅಲುಗಿದ ಆವೇಶ ಅಲೆ ಹೊರಡಿಸುತ್ತದೆ ಎಂಬ ನಿಯಮ ಕಂಬಕ್ಕೆ ಹೇಗೋ ಈ ಎಲೆಕ್ಟ್ರಾನಿಗೂ ಹಾಗೆಯೇ. ಅದು ತಾನೇ ಒಂದು ಪುಟ್ಟ ನಿಲಯವಾಗಿ ಅದೇ ಆವೃತ್ತಿಯ ಅಲೆಯನ್ನು ಮರಳಿ ಹೊಮ್ಮಿಸುತ್ತದೆ. ಎಣಿಸಲಾರದಷ್ಟು ಎಲೆಕ್ಟ್ರಾನುಗಳು ಹೀಗೆ ಒಟ್ಟಿಗೆ ಹೊಮ್ಮಿಸಿದ ಅಲೆಗಳು ಮೂಲ ಅಲೆಯ ಜೊತೆ ಕೂಡಿದಾಗ ಒಟ್ಟು ಅಲೆ ಬಾಗುತ್ತ ಬಾಗುತ್ತ ನೆಲದ ಕಡೆಗೆ ತಿರುಗುತ್ತದೆ. ಮೇಲಣ ಪದರಗಳಲ್ಲಿ, ಅಂದರೆ ಸುಮಾರು 100 ಕಿಲೋಮೀಟರಿನಿಂದ ಮುಂದೆ 300 ಕಿಲೋಮೀಟರಿನವರೆಗೆ, ಗಾಳಿ ಅದೆಷ್ಟು ತೆಳುವೆಂದರೆ ಎಲೆಕ್ಟ್ರಾನು ಯಾರಿಗೂ ತಾಕದೆ ಬೇಕಾದಷ್ಟು ಸಲ ತೂಗಬಲ್ಲದು. ಪಡೆದ ಶಕ್ತಿಯ ಬಹುಪಾಲನ್ನು ಅದು ಹಿಂತಿರುಗಿಸುತ್ತದೆ.

ಆದರೆ ಅಲ್ಲಿಗೆ ಹೋಗಲು ಅದಕ್ಕಿಂತ ಕೆಳಗಿನ, 60ರಿಂದ 90 ಕಿಲೋಮೀಟರ್ ಎತ್ತರದ ಪದರವನ್ನು ದಾಟಬೇಕು. ವಿಜ್ಞಾನಿಗಳು ಅದನ್ನು ‘ಡಿ’ ಪದರ ಎನ್ನುತ್ತಾರೆ. ಅಲ್ಲಿನ ಗಾಳಿ ನೆಲದ ಗಾಳಿಗಿಂತ ಸಾವಿರಾರು ಪಟ್ಟು ತೆಳುವಾದರೂ ಮೇಲಿನವಕ್ಕಿಂತ ಬಹಳ ದಟ್ಟ. ಮಂದಿ ಕಿಕ್ಕಿರಿದ ಅಂಗಳದಲ್ಲಿ ಜೋಕಾಲಿ ತೂಗಿದರೆ ಪ್ರತಿ ಸಲವೂ ಯಾರಿಗಾದರೂ ಬಡಿದು ನಿಂತುಹೋಗುವಂತೆ, ಅಲ್ಲಿನ ಎಲೆಕ್ಟ್ರಾನು ಮಧ್ಯಮ ತರಂಗದ ತಾಳಕ್ಕೆ ತೂಗಲು ಹೊರಟರೆ ಅಲೆಯನ್ನು ಮರಳಿ ಹೊಮ್ಮಿಸುವ ಮೊದಲೇ ಗಾಳಿಯ ಅಣುವಿಗೆ ಡಿಕ್ಕಿ ಹೊಡೆಯುತ್ತದೆ. ಅಲೆಯಿಂದ ಪಡೆದ ಶಕ್ತಿ ಅಣುಗಳ ಗೊತ್ತುಗುರಿಯಿಲ್ಲದ ಓಡಾಟವಾಗಿ, ಬಿಸಿಯಾಗಿ ಕರಗಿಹೋಗುತ್ತದೆ. ಹಗಲಿನಲ್ಲಿ ಬೆಂಗಳೂರಿನ ಅಲೆ ಮೇಲೇರುವುದೇನೋ ಏರುತ್ತದೆ, ಡಿ ಪದರದಲ್ಲೇ ಇಂಗಿಹೋಗುತ್ತದೆ.

ಹೊತ್ತು ಮುಳುಗಿದ ಮೇಲೆ ಎಲೆಕ್ಟ್ರಾನುಗಳನ್ನು ಕೀಳುವ ಕಿರಣಗಳು ನಿಲ್ಲುತ್ತವೆ. ಡಿ ಪದರದ ಗಾಳಿ ದಟ್ಟವಾಗಿರುವ ಕಾರಣದಿಂದಲೇ ಅಲ್ಲಿ ಬಿಡಿ ಎಲೆಕ್ಟ್ರಾನುಗಳು ಬೇಗ ಅಣುಗಳನ್ನು ಸೇರಿಕೊಳ್ಳುತ್ತವೆ, ಸ್ವಲ್ಪ ಹೊತ್ತಿನಲ್ಲೇ ಆ ಪದರ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಮೇಲಣ ಪದರಗಳ ಎಲೆಕ್ಟ್ರಾನುಗಳಿಗೆ ಜೊತೆ ಸಿಗುವುದೇ ಕಷ್ಟವಾದ್ದರಿಂದ ಅವು ಕಡಿಮೆಯಾದರೂ ಬೆಳಗಿನವರೆಗೆ ಉಳಿಯುತ್ತವೆ. ನುಂಗುವ ಪದರ ಹೋಯಿತು, ತಿರುಗಿಸುವ ಪದರ ಉಳಿಯಿತು. ಬೆಂಗಳೂರಿಗೆ ದಾರಿ ತೆರೆಯಿತು. ಖಗ್ರಾಸ ಸೂರ್ಯಗ್ರಹಣದಲ್ಲಿ, 1980ರ ಫೆಬ್ರವರಿ 16ರ ಮಧ್ಯಾಹ್ನ ಅಂಕೋಲಾ, ಹುಬ್ಬಳ್ಳಿಗಳ ಮೇಲೆ ಹಾದುಹೋದಂಥ ಗ್ರಹಣದಲ್ಲಿ, ಹಗಲಿನಲ್ಲೇ ಡಿ ಪದರ ಕೆಲವು ನಿಮಿಷ ಸವೆಯುವುದು ಈ ವಿವರಣೆಗೆ ಸಿಗುವ ಒಳ್ಳೆಯ ಸಾಕ್ಷಿ.

ಇರುಳಿನಲ್ಲಿ ಹತ್ತಿರದ ಕಲಬುರಗಿಯೇ ಏರಿಳಿಯುವುದಕ್ಕೂ ಈಗ ಕಾರಣ ಸಿಗುತ್ತದೆ. ಔರಾದಿಗೆ ಕಲಬುರಗಿಯ ನೆಲದ ಅಲೆ ಹಗಲಿನಂತೆ ಇರುಳಿನಲ್ಲೂ ಬರುತ್ತಿರುತ್ತದೆ, ಅದರ ಜೊತೆಗೆ ಮೇಲೆ ಹೋಗಿ ತಿರುಗಿ ಬಂದ ಅದೇ ನಿಲಯದ ಅಲೆಯೂ ಬಂದು ಸೇರುತ್ತದೆ. ಎರಡೂ ಒಂದೇ ತಾಳದಲ್ಲಿ ಸೇರಿದರೆ ದನಿ ಉಬ್ಬುತ್ತದೆ, ಒಂದು ಮೇಲಕ್ಕೆ ತೂಗುವಾಗ ಇನ್ನೊಂದು ಕೆಳಕ್ಕೆ ತೂಗಿದರೆ ಒಂದನ್ನೊಂದು ಅಳಿಸುತ್ತವೆ. 100 ಕಿಲೋಮೀಟರ್ ಎತ್ತರದ ಪದರ ಬರಿಯ 70–75 ಮೀಟರ್ ಏರಿದರೂ ಮೇಲಿನ ದಾರಿ ಅರ್ಧ ಅಲೆಯುದ್ದದಷ್ಟು, ಸುಮಾರು 135 ಮೀಟರ್, ಉದ್ದವಾಗಿ ಉಬ್ಬಿದ ದನಿ ಅಡಗುತ್ತದೆ. ಆ ಪದರವೋ ಒಂದು ಗಳಿಗೆ ಒಂದೇ ಎತ್ತರದಲ್ಲಿ ನಿಲ್ಲುವಂಥದಲ್ಲ. ಬ್ಯಾಟರಿ ಇಳಿದಿದೆ ಎಂದು ಶೆಲ್ಲು ಬದಲಿಸಿದವರ ಖರ್ಚು ಹೀಗೆ ವ್ಯರ್ಥವಾಗುತ್ತಿತ್ತು.

ತಾಳ ಹೆಚ್ಚಿದರೆ

1952ರಲ್ಲಿ ಆರಂಭವಾದ ಬಿನಾಕಾ ಗೀತಮಾಲಾ ಎಂಬ ಹಾಡಿನ ಕಾರ್ಯಕ್ರಮವನ್ನು ಕೇಳಲು ಇಡೀ ದೇಶ ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸುತ್ತಿದ್ದ ಕಾಲದಲ್ಲಿ ಆ ನಿಲಯ ಬಳಸುತ್ತಿದ್ದುದು 25 ಮತ್ತು 41 ಮೀಟರಿನ ಕಿರುತರಂಗ. ಅದರ ಆವೃತ್ತಿ ಕಲಬುರಗಿಯದಕ್ಕಿಂತ ಆರೇಳು ಪಟ್ಟಿನಿಂದ ಹತ್ತು ಹನ್ನೊಂದು ಪಟ್ಟಿನವರೆಗೆ ಹೆಚ್ಚು. ವೇಗವಾಗಿ ಜಗ್ಗಿದ ಜೋಕಾಲಿಯಂತೆ ಡಿ ಪದರದ ಎಲೆಕ್ಟ್ರಾನು ಅಷ್ಟು ಬಿರುಸಿನ ಅಲೆಗೆ ಕಡಿಮೆ ಅಲುಗುತ್ತದೆ, ಹಾಗಾಗಿ ಡಿಕ್ಕಿಯಲ್ಲಿ ಕಳೆದುಕೊಳ್ಳುವ ಶಕ್ತಿಯೂ ಕಡಿಮೆ. ಮೇಲಣ ಪದರದಲ್ಲಿ ಎಲೆಕ್ಟ್ರಾನುಗಳ ದಟ್ಟಣೆ ಹೆಚ್ಚಾದ್ದರಿಂದ ಆ ಸಣ್ಣ ಅಲುಗಾಟವೇ ಅಲೆಯನ್ನು ತಿರುಗಿಸಲು ಸಾಕು. ಕೊಲಂಬೋದ ಆ ನಿಲಯದ ಹಾಡು ಹಗಲಿನಲ್ಲೂ ಸಾವಿರ ಕಿಲೋಮೀಟರ್ ದಾಟಿ ಬರುತ್ತಿದ್ದುದು ಹೀಗೆ.

ಎಫ್.ಎಂ. ಅಲೆಗಳ ಆವೃತ್ತಿ ಇನ್ನೂ ಸುಮಾರು ಹತ್ತು ಪಟ್ಟು ಹೆಚ್ಚು, ಸೆಕೆಂಡಿಗೆ ಸುಮಾರು 10 ಕೋಟಿ ತೂಗು. ಮೇಲಣ ಪದರದ ಎಲೆಕ್ಟ್ರಾನುಗಳೂ ಅದಕ್ಕೆ ಹೆಜ್ಜೆ ಹಾಕಲಾರವು, ಆ ಅಲೆ ಸಲೀಸಾಗಿ ಹಾದು ಅಂತರಿಕ್ಷಕ್ಕೆ ಹೋಗಿಬಿಡುತ್ತದೆ. ನೆಲದ ಮೇಲೆ ಅದು ಕೇಳುವುದು ಕಂಬ ಕಾಣುವಷ್ಟು ದೂರಕ್ಕೆ, 100 ಮೀಟರ್ ಎತ್ತರದ ಕಂಬಕ್ಕೆ ಸುಮಾರು 40 ಕಿಲೋಮೀಟರಿನವರೆಗೆ. ಕೇಳುಗನ ಏರಿಯಲ್ ಎತ್ತರದಲ್ಲಿದ್ದರೆ ಇನ್ನಷ್ಟು. ಮೊಬೈಲಿನ ಅಲೆ ಅದಕ್ಕೂ ಹತ್ತು ಪಟ್ಟು ಬಿರುಸು, 900 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ 33 ಸೆಂಟಿಮೀಟರ್. ಊರಿಗೊಂದು ಟವರ್ ಬೇಕಾಗುವುದು ಅದಕ್ಕೇ. ಬೇಸಗೆಯಲ್ಲಿ ಕಾದ ಪತ್ರಾ ತಗಡಿನ ಮಾಡು ಹೊತ್ತು ಮುಳುಗಿದ ಮೇಲೂ ಕೆಳಗೆ ಮಲಗಿದವರ ಮೈಗೆ ಝಳ ಬೀರುವುದೂ ಇದೇ ಜಾತಿಯ ಅಲೆಯಿಂದ, ಅಲ್ಲಿನ ಅಲೆಯುದ್ದ ಮಿಲಿಮೀಟರಿನ ನೂರರಲ್ಲೊಂದು ಭಾಗ. ಕಣ್ಣಿಗೆ ಕಾಣುವ ಹಸಿರು ಬೆಳಕಿನದು ಅದರ ಇಪ್ಪತ್ತರಲ್ಲೊಂದು ಭಾಗ. ಅದಕ್ಕಿಂತ ಕಿರಿದಾದವು ಅತಿನೇರಳೆ, ಎಕ್ಸ್ ಕಿರಣ, ಗಾಮಾ ಕಿರಣ.

ಕೀಳುವ ಅಲೆ, ಅಲುಗಿಸುವ ಅಲೆ

ಇಷ್ಟೆಲ್ಲವನ್ನೂ ಒಟ್ಟಾಗಿ ವಿಕಿರಣ ಎಂದು ಕರೆಯುವುದರಿಂದ ಟವರಿನ ಅಲೆಗೂ ಎಕ್ಸ್ ಕಿರಣಕ್ಕೂ ಭೇದವೇ ಇಲ್ಲವೆಂಬ ಭಯ ಹಬ್ಬಿದೆ. ಆದರೆ ಭೇದವಿದೆ. ಅಲೆ ವಸ್ತುವಿಗೆ ಶಕ್ತಿ ಕೊಡುವಾಗ ಹರಿವ ನೀರಿನಂತೆ ಕೊಡದೆ ಬಿಡಿ ಬಿಡಿ ಗಂಟುಗಳಾಗಿ ಕೊಡುತ್ತದೆ. ಆ ಗಂಟಿನ ಗಾತ್ರ ಆವೃತ್ತಿ ಹೆಚ್ಚಿದಷ್ಟೂ ಹೆಚ್ಚು. ಒಂದು ಅಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಒಂದೇ ಗಂಟು ಸಾಕಷ್ಟು ದೊಡ್ಡದಾಗಿರಬೇಕು, ಚಿಕ್ಕ ಗಂಟುಗಳು ಎಷ್ಟು ಬಂದರೂ ಕೂಡಿಕೊಂಡು ಆ ಕೆಲಸ ಮಾಡಲಾರವು. ಡಿ ಪದರದ ಎಲೆಕ್ಟ್ರಾನುಗಳನ್ನು ಬಿಡಿಸಬಲ್ಲ ಅತಿನೇರಳೆ ಮತ್ತು ಎಕ್ಸ್ ಕಿರಣಗಳಿಗೆ ಆ ಶಕ್ತಿ ಇದೆ, ಆದ್ದರಿಂದಲೇ ಅವು ಜೀವಕೋಶದೊಳಗಿನ ಅಣುಗಳನ್ನೂ ಮುರಿಯಬಲ್ಲವು. 900 ಮೆಗಾಹರ್ಟ್ಸ್ ಮೊಬೈಲ್ ಅಲೆಯ ಒಂದು ಗಂಟು ಹಸಿರು ಬೆಳಕಿನ ಗಂಟಿಗಿಂತ ಸುಮಾರು 6 ಲಕ್ಷ ಪಟ್ಟು ಚಿಕ್ಕದು. ಹಸಿರು ಬೆಳಕಿಗೇ ಗಾಳಿಯ ಅಣುವಿನಿಂದ ಎಲೆಕ್ಟ್ರಾನು ಕೀಳಲಾಗದು. ಟವರಿನ ಅಲೆ ಆವೇಶಗಳನ್ನು ಅಲುಗಿಸಬಲ್ಲದು, ತೀರ ಬಲವಾಗಿದ್ದರೆ ಬಿಸಿ ಮಾಡಬಲ್ಲದು, ಕೀಳಲಾರದು.

ಭಯವನ್ನು ನಕ್ಕು ತಳ್ಳಿಹಾಕುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು ‘ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇರುವ’ ಸಂಗತಿಗಳ ವರ್ಗದಲ್ಲಿ ಇರಿಸಿತು. ಪುರಾವೆ ಅರೆಬರೆಯಾಗಿರುವಾಗ ಬಳಸುವ ವರ್ಗ ಅದು. ಭಾರತ ಸರಕಾರ 2012ರ ಸೆಪ್ಟೆಂಬರಿನಲ್ಲಿ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಭಾಗಕ್ಕೆ ಇಳಿಸಿತು, 900 ಮೆಗಾಹರ್ಟ್ಸ್‌ಗೆ ಆಗ ಅದು ಚದರ ಮೀಟರಿಗೆ 0.45 ವಾಟ್ ಆಗಿತ್ತು, ನಡುಹಗಲಿನ ಬಿಸಿಲು ಅಷ್ಟೇ ಜಾಗದ ಮೇಲೆ ಸುರಿಯುವುದು ಸುಮಾರು 1000 ವಾಟ್. ದೂರ ಎರಡು ಪಟ್ಟಾದರೆ ಅಲೆಯ ಬಲ ನಾಲ್ಕರಲ್ಲೊಂದಾಗುವ ಕಾರಣ ಊರಂಚಿನ ಟವರಿಗಿಂತ ಕಿವಿಗೊತ್ತಿದ ಫೋನಿನಿಂದ ತಲೆಗೆ ತಾಕುವ ಅಲೆಯೇ ಸಾಮಾನ್ಯವಾಗಿ ಹೆಚ್ಚು. ಟವರ್ ದೂರವಿದ್ದು ಸಿಗ್ನಲ್ ಒಂದೇ ಕಡ್ಡಿ ತೋರಿಸುವಾಗ ಫೋನು ತನ್ನ ದನಿ ಮುಟ್ಟಿಸಲು ಬಲವನ್ನು ತಾನಾಗಿ ಏರಿಸಿಕೊಳ್ಳುತ್ತದೆ, ಆದ್ದರಿಂದ ಟವರ್ ಬೇಡವೆಂದು ಅದನ್ನು ದೂರ ಕಳಿಸಿದ ಊರಿನಲ್ಲಿ ಫೋನ್ ಹಿಡಿದವರ ಕಿವಿಗೆ ಬೀಳುವ ಅಲೆ ಮೊದಲಿಗಿಂತ ಹೆಚ್ಚಾಗುತ್ತದೆ.